ನಗದವರ ಚಿತ್ರ ತೆಗೆಯಲೊಲ್ಲದ ಕ್ಯಾಮೆರಾ ಮಹಾಶಯರಿಗೆ ಬಿನ್ನವತ್ತಳೆ

ಸಕಲಗುಣಸಂಪನ್ನರೂ, ಅಂಗೈಯಗಲದ ದೇಹದಲ್ಲಿ ಆನೆಯಷ್ಟು ಹಟವನ್ನು ಅಡಗಿಸಿಟ್ಟುಕೊಂಡವರೂ, ಸದ್ಯಕ್ಕೆ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಕಾಫಿಪುಡಿ ಡಬ್ಬಿಯ ಪಕ್ಕ ವಿಶ್ರಮಿಸುತ್ತಿರುವವರೂ ಆದ ಮಾನ್ಯ ಕ್ಯಾಮೆರಾ ಮಹಾಶಯರ ಸನ್ನಿಧಾನಕ್ಕೆ, ಮಿನ್ನೆಸೋಟಾದ ಪಡುವಣ ಅಂಚಿನ ನೋರ್ಡಾಲ್ ಹೋಬಳಿಯ ನಿವೃತ್ತ ಗುಮಾಸ್ತ ಸೆಲ್ಮರ್ ಟ್ವೇಟ್ ಮಾಡುವ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನೆ ತಮಗೆ ಹೊಟ್ಟೆ ತುಂಬ ವಿದ್ಯುತ್ತು ಉಣಿಸಿ, ಕನ್ನಡಕದ ಬಟ್ಟೆಯಿಂದ ತಮ್ಮ ಕಣ್ಣೊರೆಸಿ ಇಟ್ಟವನು ನಾನೇ ಆದುದರಿಂದ ಈ ನಂಬಿಕೆಗೆ ತಕ್ಕಷ್ಟು ಆಧಾರವೂ ಇದೆ. ನಾನು ಹೋಬಳಿಯ ಕಚೇರಿಯಲ್ಲಿದ್ದ ಕಾಲದಲ್ಲಿ ಹಿಂದಿನ ಗುಮಾಸ್ತರ ಅರ್ಜಿಗಳನ್ನು ಅಕ್ಷರ ಬಿಡದೆ ನಕಲು ಮಾಡಿ ಮಾಡಿ, ಕಡೆಗೆ ನನ್ನ ಕೈಯೇ ಆ ಧಾಟಿಯನ್ನು ಕಲಿತುಬಿಟ್ಟಿತು. ಹಿಮ ಸರಿಸುವ ವಾಹನ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲವೆಂದೂ, ನೀರುನಾಯಿಯಂಥ ಬೀವರ್ ಪ್ರಾಣಿಗಳು ಮೋರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿವೆಯೆಂದೂ ನಾನು ಜಿಲ್ಲೆಯವರಿಗೆ ಬರೆದ ಮನವಿಗಳು ವ್ಯರ್ಥವಾದದ್ದಿಲ್ಲ. ಅಂಥ ಅರ್ಜಿಗೆ ಕಲ್ಲೂ ಕದಲುತ್ತದೆಂಬುದಕ್ಕೆ ನಮ್ಮೂರ ರಸ್ತೆಗೆ ಬಿದ್ದ ಜಲ್ಲಿಯೇ ಸಾಕ್ಷಿ. ಆದಕಾರಣ ಕಲ್ಲಿಗಿಂತ ತುಸು ಗಟ್ಟಿಯಾದ ತಮ್ಮ ಮನಸ್ಸನ್ನು ಕದಲಿಸಲು ಅದೇ ಧಾಟಿಯನ್ನು ಮತ್ತೊಮ್ಮೆ ಹಿಡಿದಿದ್ದೇನೆ. ಪ್ರವಾಸಕ್ಕೆಂದು ಕ್ಯಾಮೆರಾ ಆರಿಸಲು ಹೊರಟಿರುವ ನೆರೆಹೊರೆಯವರ ತಿಳಿವಳಿಕೆಗಾಗಿ ಇದರ ಒಂದು ಪ್ರತಿಯನ್ನು ನಮ್ಮ ವಾರಪತ್ರಿಕೆಗೂ ಕಳಿಸುತ್ತಿದ್ದೇನೆ. ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ತಾವು ನಮ್ಮ ಮನೆಗೆ ಬಂದದ್ದಕ್ಕೆ ಕಾರಣ ಒಂದು ಕೈ. ಅದು ಯಾರ ಕೈಯೆಂದು ಇಂದಿಗೂ ಯಾರಿಗೂ ತಿಳಿದಿಲ್ಲ. ನಮ್ಮ ಚಿಕ್ಕಮ್ಮನ ಮಗಳು ಹೆಲ್ಮಾ ತೀರಿಕೊಂಡಾಗ, ಆಕೆ ಒಬ್ಬಳೇ ಇರುವ ಚಿತ್ರ ಮನೆಯಲ್ಲೆಲ್ಲೂ ಸಿಗದೆ, ಯಾರದೋ ಮದುವೆಯ ಗುಂಪುಚಿತ್ರದಿಂದ ಆಕೆಯ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿ, ಚರ್ಚಿನ ನೆಲಮಾಳಿಗೆಯಲ್ಲಿ ಸಾವಿನೂಟದ ಮೇಜಿನ ಮೇಲೆ, ಕಾಫಿ ಹಂಡೆಯ ಪಕ್ಕ ಇಟ್ಟರು. ಮುಖವೇನೋ ಚೆನ್ನಾಗಿಯೇ ಬಂದಿತ್ತು. ಆದರೆ ಹೆಗಲ ಮೇಲೆ ರೋಮ ತುಂಬಿದ ಗಂಡಸಿನ ಕೈಯೊಂದು, ಮಣಿಕಟ್ಟಿನವರೆಗೆ ಮಾತ್ರ, ಹಾಯಾಗಿ ಕೂತಿತ್ತು. ಜೀವನವಿಡೀ ಭಾನುವಾರದ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಬೈಬಲ್ ಹೇಳಿಕೊಟ್ಟ ಆ ಸಾಧ್ವಿಯ ಗುಣಗಾನಕ್ಕೆಂದು ಸೇರಿದವರು, ಹ್ಯಾಮ್ ಇಟ್ಟ ಬನ್ನು ಮುಗಿಯುವವರೆಗೂ ಮಾತಾಡಿದ್ದು ಆ ಕೈಯ ವಿಚಾರವನ್ನೇ. "ಆ ಉಂಗುರ ನೋಡಿದ್ರೆ ಬೆಣ್ಣೆ ಕಾರ್ಖಾನೆ ಮ್ಯಾನೇಜರದ್ದೇ ಅನ್ಸತ್ತೆ" ಎಂದು ಒಬ್ಬರು, "ಛೇ, ಅವರ ಕೈ ಇಷ್ಟು ದಪ್ಪ ಎಲ್ಲಿತ್ತು" ಎಂದು ಇನ್ನೊಬ್ಬರು.

ಅಂದು ಅಡುಗೆಮನೆಯ ಕಿಂಡಿಯಿಂದ ಇದನ್ನೆಲ್ಲ ಕೇಳಿಸಿಕೊಂಡವಳು ನನ್ನ ಅಕ್ಕ ರಾಗ್ನಾ. ಊರಿನ ಸಾವಿನೂಟಗಳನ್ನೆಲ್ಲ ದಶಕಗಳಿಂದ ನಡೆಸಿಕೊಂಡು ಬಂದವಳು ಅವಳು. ಯಾರ ಸಾವಿಗೆ ಎಷ್ಟು ಬಟ್ಟಲು ಆಲೂಗಡ್ಡೆ ಬೇಕೆಂದು ಆ ಮನುಷ್ಯ ಬದುಕಿರುವಾಗಲೇ ಮುಖ ನೋಡಿ ಹೇಳಬಲ್ಲವಳು. ಅವಳು ಸೌಟನ್ನು ಕೆಳಗಿಟ್ಟು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ಸೆಲ್ಮರ್, ನಾನು ಸತ್ತಾಗ ಜನ ನನ್ನ ಬಗ್ಗೆ ಮಾತಾಡ್ಬೇಕು ಕಣೋ, ಯಾವನದೋ ಕೈ ಬಗ್ಗೆ ಅಲ್ಲ. ನಂಗೊಂದು ಫೋಟೋ ಬೇಕು. ನಾನೊಬ್ಳೇ ಇರ್ಬೇಕು, ನೆಟ್ಟಗೆ ನಿಂತಿರ್ಬೇಕು, ಹಿಂದೆ ಒಂದು ಬೆಟ್ಟ ಇರ್ಬೇಕು." ಬೆಟ್ಟ ಏಕೆಂದು ಕೇಳಿದೆ. "ನಮ್ಮೂರಲ್ಲಿ ಎಲ್ಲಿ ನಿಂತ್ರೂ ಹಿಂದೆ ಬರೋದು ಗೋಧಿ ಗೋದಾಮು. ಸತ್ತ ಮೇಲಾದ್ರೂ ಇವಳು ಎಲ್ಲೋ ಒಂದು ಕಡೆ ಹೋಗಿದ್ಲು ಅಂತ ಜನಕ್ಕೆ ಕಾಣ್ಲಿ."

ಇದು ಬರಿಯ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ವೈದ್ಯರು ಅವಳ ಎದೆಯ ಮೇಲೆ ಕೊಳವೆಯಿಟ್ಟು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆಲಿಸಿ, ಹೃದಯದ ಕವಾಟವೊಂದು ದಣಿದಿದೆಯೆಂದೂ, ಎಲ್ಲಿಗಾದರೂ ಹೋಗಬೇಕೆಂದಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಾರದೆಂದೂ ಹೇಳಿದರು. ಅಷ್ಟರಲ್ಲಿ ನಮ್ಮ ಚರ್ಚಿನ ಹಿರಿಯರ ಬಸ್ಸು ಬೇಸಿಗೆಯಲ್ಲಿ ಪಶ್ಚಿಮದ ಬೆಟ್ಟಗಳಿಗೆ ಹೊರಡುವುದೆಂಬ ಪ್ರಕಟಣೆಯೂ ಬಂತು. ಅಕ್ಕ ಮೊದಲ ಹೆಸರು ಬರೆಸಿದಳು. ಚಿತ್ರ ತೆಗೆಯುವ ಹೊಣೆ ನನ್ನ ತಲೆಗೆ ಬಂತು. ಹೀಗೆ, ಮಾನ್ಯರೇ, ಪ್ರವಾಸದ ಚಿತ್ರಗಳಿಗೆಂದು ಕ್ಯಾಮೆರಾ ಆರಿಸುವ ಮಹಾಕಾರ್ಯ ನೋರ್ಡಾಲಿನಲ್ಲಿ ಆರಂಭವಾಯಿತು.

ಆರಿಸುವುದು ಎಂಬ ಕ್ರಿಯೆ ನಮ್ಮ ಜನಕ್ಕೆ ಒಗ್ಗುವುದಲ್ಲವೆಂಬುದನ್ನು ತಾವು ಹೊರಗಿನವರಾದ್ದರಿಂದ ತಿಳಿದಿರಲಾರಿರಿ. ತನಗೆ ಇಂಥದೇ ಬೇಕೆಂದು ಬಾಯಿಬಿಟ್ಟು ಹೇಳುವುದು ಇಲ್ಲಿ ತಟ್ಟೆಯಲ್ಲಿ ಉಳಿದ ಕೊನೆಯ ಸಿಹಿತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಷ್ಟೇ ನಾಚಿಕೆಗೇಡು. ಆದ್ದರಿಂದ ನಾನು ವರ್ಡೆಲ್ ರುಸ್ಟಾಡರ ಸಲಹೆ ಕೇಳಿದೆ. ಅವರು ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು; ಒಲೆಯ ಹೊಗೆಕೊಳವೆಯಷ್ಟು ಉದ್ದದ ಮಸೂರವಿರುವ ಕ್ಯಾಮೆರಾ ಹೊತ್ತು ಬಾತುಕೋಳಿಗಳ ಹಿಂದೆ ತಿರುಗುವವರು. ಅವರ ಉಪದೇಶ ಸರಳವಾಗಿತ್ತು. "ಪ್ರವಾಸಕ್ಕೆ ಕ್ಯಾಮೆರಾ ಆರಿಸೋದು ನಾಯಿ ಸಾಕಿದ ಹಾಗೆ ಸೆಲ್ಮರ್. ಅಂದಚಂದ ಆಮೇಲೆ. ದಿನಾ ಅದನ್ನ ಜೊತೇಲಿ ಕರ್ಕೊಂಡು ತಿರುಗೋಕಾಗತ್ತಾ, ಅದು ಮೊದ್ಲು. ನನ್ನದನ್ನ ನೋಡಬೇಡ, ಅದು ನನ್ನ ಹೆಂಡತಿಗಿಂತ ಭಾರ. ಅರ್ಧ ಬೆಟ್ಟ ಹತ್ತೋ ಹೊತ್ತಿಗೆ ಎರಡನ್ನೂ ಬಸ್ಸಲ್ಲೇ ಬಿಟ್ಟಿರ್ತೀನಿ." ಒಳಗಿನ ಕಣ್ಣು ದೊಡ್ಡದಿದ್ದರೆ ಮಬ್ಬುಬೆಳಕಿಗೂ ಅಂಜಬೇಕಿಲ್ಲವೆಂದೂ, ಕಾಡುಕೋಣದ ಹತ್ತಿರ ಹೋಗದೆಯೇ ಅದನ್ನು ಹತ್ತಿರ ತರುವ ಮಸೂರವಿರಬೇಕೆಂದೂ, ಕೈಗವಸು ಹಾಕಿದ ಬೆರಳಿಗೂ ಗುಂಡಿ ಸಿಗಬೇಕೆಂದೂ ಹೇಳಿ, ಅವರೇ ನಮ್ಮನ್ನು ತಮ್ಮ ಗಾಡಿಯಲ್ಲಿ ಫಾರ್ಗೋ ಪೇಟೆಗೆ ಕರೆದೊಯ್ದರು.

ಅಂಗಡಿಯ ಡಾನೆಟ್ ಎಂಬ ಹೆಣ್ಣುಮಗಳು ಗಾಜಿನ ಮೇಜಿನ ಮೇಲೆ ಮೂವರನ್ನು ಸಾಲಾಗಿ ಕೂರಿಸಿದ್ದು ತಮಗೆ ನೆನಪಿರಬಹುದು. ನಡುವೆ ಕೂತಿದ್ದವರು ತಾವೇ. "ಏನೇನು ಚಿತ್ರ ತೆಗೀಬೇಕು ಅಂತಿದೀರಿ?" ಎಂದು ಆಕೆ ನಗುನಗುತ್ತ ಕೇಳಿದಾಗ, ಅಕ್ಕ "ನನ್ನ ಸಾವಿಗೆ ಒಂದು" ಎಂದಳು. ಡಾನೆಟಳ ನಗು ನಿಂತಿತು. ಅಕ್ಕ ಮಾತ್ರ ತನ್ನ ಪರೀಕ್ಷೆಗಳನ್ನು ಮುಂದುವರಿಸಿದಳು: ತಮ್ಮನ್ನು ಒಬ್ಬೊಬ್ಬರನ್ನಾಗಿ ತನ್ನ ಕೈಚೀಲದಲ್ಲಿ ಪುದೀನದ ಮಿಠಾಯಿ, ಕರವಸ್ತ್ರ, ಕೀರ್ತನೆಯ ಪುಸ್ತಕಗಳ ನಡುವೆ ಇಳಿಸಿ, ಚೀಲದ ಬಾಯಿ ಮುಚ್ಚುತ್ತದೆಯೇ ಎಂದು ನೋಡಿದಳು, ಆಮೇಲೆ ಎಡಗೈಯಲ್ಲಿ ಲೋಟ ಹಿಡಿದಂತೆ ಮಾಡಿ, "ಕಾಫಿ ಕೆಳಗಿಡದೆ ತೆಗೆಯೋಕೆ ಬರತ್ತಾ?" ಎಂದು ಕೇಳಿದಳು. ಯಾವುದು ಇಷ್ಟವೆಂದು ಡಾನೆಟ್ ಕೇಳಿದಾಗ ನಾನು "ಯಾವುದಾದರೂ ಆದೀತು" ಎಂದೆ, ನನ್ನ ಹೆಂಡತಿ ಆರ್ಡಿಸ್ "ಅವರಿಗೆ ಸರಿ ಕಂಡದ್ದು" ಎಂದಳು, ವರ್ಡೆಲ್ "ನಾನು ಹೇಳೋದೇನಿದೆ" ಎಂದು ಹೇಳಿ ಕಿಟಕಿಯಾಚೆ ನೋಡಿದರು. ತಮ್ಮ ಬಲಗಡೆಯ ಠೀವಿಯವರನ್ನು ಕೊಂಡರೆ ಟ್ವೇಟರ ಹೊಲದಲ್ಲಿ ಎಣ್ಣೆಬಾವಿ ಸಿಕ್ಕಿತಂತೆ ಎಂಬ ಸುದ್ದಿ ಹುಟ್ಟುತ್ತಿತ್ತು. ಎಡಗಡೆಯ ಬಡಕಲನ್ನು ಕೊಂಡರೆ ಸ್ವಂತ ಅಕ್ಕನ ಸಾವಿನಲ್ಲೂ ಜಿಪುಣತನ ಮಾಡಿದರೆಂಬ ಮಾತು ಸಾವಿನೂಟದಲ್ಲೇ ಬರುತ್ತಿತ್ತು. ತಾವು ಯಾರ ಆಯ್ಕೆಯೂ ಆಗಿರಲಿಲ್ಲ, ಮಾನ್ಯರೇ. ಆದ್ದರಿಂದಲೇ ಎಲ್ಲರ ಸಮ್ಮತಿಯಿಂದ ಆಯ್ಕೆಯಾದಿರಿ.

ಇನ್ನು ತಮ್ಮ ಮೊದಲ ಉಪಕಾರದ ವಿಚಾರ. ನಮ್ಮಲ್ಲಿ ಯಾರ ಮನೆಗಾದರೂ ಹೋದಾಗ ಕಾಫಿ ಬೇಕೇ ಎಂದು ಕೇಳುತ್ತಾರೆ. "ಬೇಡ, ಸುಮ್ನೆ ಯಾಕೆ ತೊಂದರೆ" ಎನ್ನಬೇಕು. ಮತ್ತೆ ಕೇಳುತ್ತಾರೆ; "ಬೇಡಪ್ಪ, ಈಗಷ್ಟೇ ಕುಡಿದು ಬಂದೆ" ಎನ್ನಬೇಕು. ಮೂರನೆಯ ಸಲ ಕೇಳಿದಾಗ "ಹಾಗಾದ್ರೆ ಅರ್ಧ ಲೋಟ, ನೀವೂ ಕುಡಿಯೋದಾದ್ರೆ" ಎಂದು ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಒಪ್ಪುವವನು ಹಸಿದ ತೋಳ. ಮೂರನೆಯ ಸಲವೂ ಒಲ್ಲೆನೆನ್ನುವವನು ಜಗಳಕ್ಕೆ ಬಂದವನು. ಇದು ಬರೆದಿಟ್ಟ ಕಾನೂನಲ್ಲ; ಆದರೆ ಬರೆದಿಟ್ಟ ಕಾನೂನುಗಳನ್ನು ಮುರಿದವರು ನಮ್ಮೂರಲ್ಲಿದ್ದಾರೆ, ಇದನ್ನು ಮುರಿದವರಿಲ್ಲ.

ತಮ್ಮನ್ನು ಮನೆಗೆ ತಂದು ಮೊದಲ ಬಾರಿ ಎಚ್ಚರಿಸಿದಾಗ, ತಾವು ತಮ್ಮ ಪುಟ್ಟ ಪರದೆಯ ಮೇಲೆ, ನಗುಮುಖ ಕಂಡೊಡನೆ ತಾವಾಗಿಯೇ ಚಿತ್ರ ತೆಗೆಯಲೇ ಎಂದು ಕೇಳಿದಿರಿ. ಎಷ್ಟು ಸಜ್ಜನಿಕೆ! ತಮಗೇಕೆ ತೊಂದರೆಯೆಂದು ನಾನು ಬೇಡವೆಂದೆ. ಮರುದಿನ ಮತ್ತೆ ಕೇಳಿದಿರಿ, ಮತ್ತೆ ಬೇಡವೆಂದೆ. ಅದರ ಮರುದಿನ ಮೂರನೆಯ ಬಾರಿ ಕೇಳಿದಾಗ, ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತೇವವಾಯಿತು. ಎಲ್ಲಿಯದೋ ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರ, ಬಂದು ವಾರವಾಗಿಲ್ಲ, ನಮ್ಮ ಊರಿನ ಮರ್ಯಾದೆಯನ್ನು ನಮ್ಮ ಹೊಸ ಪಾದ್ರಿಗಳಿಗಿಂತ ಬೇಗ ಕಲಿತಿತಲ್ಲ ಎಂದು ಹೆಮ್ಮೆಪಟ್ಟು, 'ಹೌದು' ಎಂಬ ಗುಂಡಿಯನ್ನು ಒತ್ತಿದೆ. ಒಮ್ಮೆ ಹೌದೆಂದ ಮೇಲೆ ನಗದವರತ್ತ ತಾವು ಕಣ್ಣೆತ್ತಿಯೂ ನೋಡುವುದಿಲ್ಲವೆಂಬ ಒಳಕರಾರನ್ನು ಮಾತ್ರ ತಾವು ತಿಳಿಸಲಿಲ್ಲ. ಆಮೇಲೆ ಆ ಪ್ರಶ್ನೆಯನ್ನು ಎಂದೂ ಕೇಳಲೂ ಇಲ್ಲ. ನಮ್ಮಲ್ಲೂ ಹಾಗೆಯೇ, ಕಾಫಿ ಬಗ್ಗಿಸಿದ ಮೇಲೆ ಯಾರೂ ಕೇಳುವುದಿಲ್ಲ.

ತಮ್ಮ ನಿಷ್ಠೆ ಮೊದಲು ಪ್ರಕಟವಾದದ್ದು ಬೆಟ್ಟದ ಕಲ್ಲಿನಲ್ಲಿ ಕೆತ್ತಿದ, ನಮ್ಮ ದೇಶದ ನಾಲ್ವರು ಹಳೆಯ ಅಧ್ಯಕ್ಷರ ಮುಂದೆ. ಬಸ್ಸಿನಲ್ಲಿ ಬಂದವರೆಲ್ಲ ಅವರ ಚಿತ್ರ ತೆಗೆದುಕೊಂಡರು. ನಾನೂ ಗುಂಡಿಯೊತ್ತಿದೆ. ತಾವು ಆ ಮಹನೀಯರ ಮುಖಗಳನ್ನು ಒಂದೊಂದಾಗಿ ದಿಟ್ಟಿಸಿ, ಯಾರ ತುಟಿಯಲ್ಲೂ ನಗುವಿಲ್ಲದ್ದನ್ನು ಕಂಡು, ಕಾದಿರಿ. ಅವರೂ ಕಾದರು. ಅವರಿಗೇನು, ಕಲ್ಲು; ನನ್ನ ತೋಳು ನೋಯಿತು. ಪದವಿಗೆ ಬಾಗದ ತಮ್ಮ ನಿಷ್ಪಕ್ಷಪಾತವನ್ನು ಜಿಲ್ಲಾ ಕಚೇರಿಯವರು ಕಲಿತರೆ ನಾಡು ಉದ್ಧಾರವಾದೀತು.

ಹಾಗೆಂದು ತಾವು ಪ್ರವಾಸವಿಡೀ ಕೈಕಟ್ಟಿ ಕೂತಿರೆಂದು ನಾನು ಆಪಾದಿಸಲಾರೆ. ಹೆದ್ದಾರಿಯ ಬದಿಯ ಫಲಕದಲ್ಲಿ ಹಲ್ಲುಕಿರಿದು ನಿಂತಿದ್ದ ದಂತವೈದ್ಯರೊಬ್ಬರನ್ನು, ಓಡುವ ಬಸ್ಸಿನ ಕಿಟಕಿಯಿಂದ, ಒಂದು ರೋಮವೂ ಮಸುಕಾಗದಂತೆ ತಾವು ಸೆರೆಹಿಡಿದದ್ದು ಅದ್ಭುತ. ಅಂಗಡಿಯ ಗೋಡೆಯ ಮೇಲೆ ಕಣ್ಣು ಮೂಗು ಬರೆಸಿಕೊಂಡು ನಗುತ್ತಿದ್ದ ಜೋಳದ ತೆನೆ. ಮುಂಜಾನೆಯ ತಿಂಡಿಯ ರಟ್ಟಿನ ಪೆಟ್ಟಿಗೆಯ ಮೇಲಿನ ಮಗು. ಹುಳಿದಂಟಿನ ರೂಬಾರ್ಬ್ ಸಿಹಿಕಡುಬು ಮುಂದೆ ಬಂದಾಗಿನ ನನ್ನ ಆರ್ಡಿಸ್. ನಮಗೆ ಪರಿಚಯವೇ ಇಲ್ಲದ, ಬೇರೊಂದು ಬಸ್ಸಿನ, ಸುಖವಾಗಿ ನಗುತ್ತಿದ್ದ ಯಾವುದೋ ಕುಟುಂಬ. ಇವರೆಲ್ಲ ತಮ್ಮ ಹೊಟ್ಟೆಯಲ್ಲಿ ಭದ್ರವಾಗಿದ್ದಾರೆ. ಕಾಡುಕೋಣಗಳ ಹಿಂಡು ರಸ್ತೆಗೆ ಅಡ್ಡ ಬಂದು ಬಸ್ಸಿನ ಬಾಗಿಲಿಗೆ ಮೈ ತಿಕ್ಕಿದಾಗಲೂ ತಾವು ಅವುಗಳ ಗಾಂಭೀರ್ಯವನ್ನು ಒಪ್ಪಲಿಲ್ಲ. ಪ್ರವಾಸಕ್ಕೆ ಹೋದ ಊರನ್ನು ಬಿಟ್ಟು ಬೇರೆಲ್ಲವನ್ನೂ ತೋರಿಸುವ ಪ್ರವಾಸಚಿತ್ರಗಳ ಹೊಸ ಪದ್ಧತಿಯೊಂದು ತಮ್ಮಿಂದ ಆರಂಭವಾಗಿದೆಯೆಂದು ನನ್ನ ಅಭಿಪ್ರಾಯ.

ಆದರೆ ಅಕ್ಕ? ಅವಳು ಪ್ರತಿಯೊಂದು ನಿಲುಗಡೆಯಲ್ಲೂ ತನ್ನ ನೀಲಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಪಕ್ಕದವರನ್ನೆಲ್ಲ "ಸ್ವಲ್ಪ ಆಚೆ ಹೋಗಿ, ಕೈ ಬರತ್ತೆ" ಎಂದು ದೂರ ಕಳಿಸಿ, ಸಾವನ್ನು ಎದುರುಗೊಳ್ಳುವ ಘನತೆಯಿಂದ ನಿಲ್ಲುವಳು. ನಾನು ಗುಂಡಿಯೊತ್ತುವೆ. ತಾವು ಕಾಯುವಿರಿ. ಯೆಲ್ಲೋಸ್ಟೋನಿನಲ್ಲಿ ಹೇಳಿದ ವೇಳೆಗೆ ಚಿಮ್ಮುವ ಬಿಸಿನೀರಿನ ಬುಗ್ಗೆಗೆ ಬೆನ್ನು ಮಾಡಿ ನಿಂತಳು. ಬುಗ್ಗೆ ಏಳುವ ಮೊದಲು ಗುಂಡಿಯೊತ್ತಿದವನು ಅದು ಆಕಾಶಕ್ಕೆದ್ದು, ನೆರೆದವರೆಲ್ಲ ಕೂಗಿ, ಅದು ಮತ್ತೆ ನೆಲಕ್ಕಿಳಿದು, ಜನ ಚದುರುವವರೆಗೂ ಹಾಗೆಯೇ ನಿಂತಿದ್ದೆ. "ಬಂತಾ?" ಎಂದಳು. "ಇನ್ನೂ ಇಲ್ಲ" ಎಂದೆ. "ನೀರು ಹೇಗಿತ್ತು?" ಎಂದಳು. "ಅಷ್ಟೇನೂ ಕೆಟ್ಟದಾಗಿರಲಿಲ್ಲ" ಎಂದೆ. ಅದಕ್ಕಿಂತ ಮೇಲಿನ ಹೊಗಳಿಕೆ ನಮ್ಮಲ್ಲಿಲ್ಲ.

ಸ್ವಲ್ಪ ನಕ್ಕುಬಿಡು, ಕೆಲಸವಾಗುತ್ತದೆಂದು ನಾನು ಬೇಡಿಕೊಂಡೆ. ಅಕ್ಕ ಹೇಳಿದ್ದನ್ನು ತಮ್ಮ ಗಮನಕ್ಕೆಂದು ಹಾಗೆಯೇ ಬರೆಯುತ್ತಿದ್ದೇನೆ: "ಸತ್ತೋಳು ಹಲ್ಲು ಬಿಟ್ಕೊಂಡು ನಿಂತಿದ್ರೆ ಜನ ಏನಂದ್ಕೋತಾರೆ? ಪಾತ್ರೆ ತೊಳೆಯೋದು ತಪ್ಪಿತು ಅಂತ ಖುಷಿ ಪಟ್ಕೊಂಡು ಹೋದ್ಲು ಅಂತಾರೆ. ನಿನ್ನ ಯಂತ್ರಕ್ಕೆ ಹೇಳೋ, ನಾನು ಯಾರ್ಗೋಸ್ಕರವೂ ನಕ್ಕೋಳಲ್ಲ. ಮದುವೆ ಫೋಟೋಗೇ ನಗ್ಲಿಲ್ಲ." ಇದು ನಿಜ. ನಮ್ಮ ಭಾವ ಆ ಚಿತ್ರದಲ್ಲಿ ಇನ್ನೂ ಗಂಭೀರವಾಗಿದ್ದಾರೆ. "ವರ್ಡೆಲ್‌ನ ಕೇಳಬಾರದಾ? ಎರಡು ನಿಮಿಷದ ಕೆಲಸ ಇರತ್ತೆ" ಎಂದು ಆರ್ಡಿಸ್ ನನ್ನನ್ನು ತಿವಿದಳು. ವರ್ಡೆಲ್ ತಮ್ಮ ಹೊಗೆಕೊಳವೆ ಮಸೂರದೊಡನೆ ಯಾವುದೋ ಹದ್ದಿನ ಹಿಂದೆ ಹೋಗಿದ್ದರು. ಅವರಿಗೆ ತೊಂದರೆ ಕೊಡುವುದು ಸರಿಯಲ್ಲವೆಂದೆ. ಫಾರ್ಗೋದಿಂದ ಬರುವಾಗಲೇ ತಮ್ಮನ್ನು ಪೂರ್ತಿ ಅರೆದು ಕುಡಿದಿದ್ದೇನೆಂದು ನಾನು ಅವರಿಗೆ ಹೇಳಿದ್ದೆನೆಂಬುದನ್ನು ಆರ್ಡಿಸ್ ಅಲ್ಲಿ ನೆನಪಿಸಬೇಕಾಗಿರಲಿಲ್ಲ, ನೆನಪಿಸಿದಳು. ತಮ್ಮ ಬಳಕೆಯ ಕೈಪಿಡಿಯಾದರೋ ಸಿಡಿಯೆಂಬ ಒಂದು ಹೊಳೆಯುವ ತಟ್ಟೆಯೊಳಗೆ ಅಡಗಿದ್ದು, ಅದನ್ನು ಕಂಪ್ಯೂಟರಿಗೆ ಹಾಕಿ ನೋಡಬೇಕಂತೆ. ಬಸ್ಸಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಅಕ್ಕ ಆ ತಟ್ಟೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡಿದ್ದಳು.

ಕೊನೆಗೆ ಬಂತು ಟೀಟನ್ ಪರ್ವತಗಳ ಬುಡದ ಕೊಳ. ಮರುದಿನ ಬಸ್ಸು ಮನೆಯ ಕಡೆ ತಿರುಗುವುದಿತ್ತು. ಬೆಳಗಿನ ಬಿಸಿಲಿನಲ್ಲಿ ಹಿಮಹೊತ್ತ ಶಿಖರಗಳು ನೀರಿಗೆ ತಲೆಕೆಳಗಾಗಿ ಇಳಿದಿದ್ದವು. ಅಕ್ಕ ದಡದ ಏರನ್ನು ಹತ್ತಿ ಬರುವಾಗ ಮಧ್ಯೆ ಒಮ್ಮೆ ನಿಂತಳು. ಕೈಚೀಲದಲ್ಲಿ ಏನನ್ನೋ ಹುಡುಕುವವಳಂತೆ ನಟಿಸಿ, ಉಸಿರು ಸುಧಾರಿಸಿಕೊಂಡು, ಮತ್ತೆ ಹತ್ತಿದಳು. ಆರ್ಡಿಸ್ ಅದನ್ನು ನೋಡಿದಳು. ನಾನೂ ನೋಡಿದೆ. ಇಬ್ಬರೂ ಬೆಟ್ಟದ ಕಡೆ ತಿರುಗಿಕೊಂಡೆವು. ಅಕ್ಕ ಬಂದು, ಗುಂಡಿ ಹಾಕಿಕೊಂಡು, "ಇದೇ ಬೆಟ್ಟ. ತೆಗಿ" ಎಂದಳು.

ತೆಗೆದೆ, ಎಂದರೆ, ಒತ್ತಿದೆ. ತಾವು ಕಾದಿರಿ. ಇಷ್ಟು ದೂರ ಬಂದು, ಆ ಬೆಟ್ಟದ ಮುಂದೆ, ಆ ಏರು ಹತ್ತಿದವಳ ಮುಖ ನೋಡಿಕೊಂಡೂ ತಾವು ಕಾದಿರಿ. ಆಗ ನನ್ನ ತಾಳ್ಮೆ ಹರಿಯಿತು. ಆದರೆ ಸಿಟ್ಟು ಬಂದಾಗ ನನಗೆ ಬೈಗುಳ ಬರುವುದಿಲ್ಲ, ಅರ್ಜಿ ಬರುತ್ತದೆ. ತಮ್ಮನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದು, ಕೊಳದ ದಡದಲ್ಲಿದ್ದವರೆಲ್ಲ ತಿರುಗುವಷ್ಟು ಗಟ್ಟಿಯಾಗಿ, "ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನೋರ್ಡಾಲ್ ಹೋಬಳಿಯ ತೆರಿಗೆದಾರನು ತಮ್ಮ ಗಮನಕ್ಕೆ ತರುವುದೇನೆಂದರೆ, ಸದರಿ ಮಹಿಳೆಯು ತನ್ನ ಜೀವಮಾನದಲ್ಲಿ ನಕ್ಕ ದಾಖಲೆಯು ಕಚೇರಿಯಲ್ಲಿ ಲಭ್ಯವಿಲ್ಲದಿರುವುದರಿಂದ, ತಾವು ದಯಮಾಡಿ ಸ್ಥಳಪರಿಶೀಲನೆ ನಡೆಸಿ..." ಎಂದು ಶುರುಮಾಡಿದೆ. ಸದರಿ ಮಹಿಳೆಯ ಬಾಯಿಂದ ಮೊದಲು ಸೀಟಿಯಂಥ ಒಂದು ಸದ್ದು ಬಂತು. ಆಮೇಲೆ ಅವಳು ನಕ್ಕಳು. "ತೆರಿಗೆದಾರ ಅಂತೆ! ಕ್ಯಾಮೆರಾಗೆ ಅರ್ಜಿ ಹಾಕ್ತಿದಾನೆ ನಮ್ಮ ಮಹಾರಾಯ!" ಎಂದು ಹೊಟ್ಟೆ ಹಿಡಿದು, ಟೋಪಿ ಜಾರಿ, ಕಟ್ಟಿಸಿದ ಹಲ್ಲು ಸಡಿಲಾಗಿ, ಹಿಂದಕ್ಕೆ ವಾಲಿದಳು. "ಅತ್ತಿಗೇ, ನೀರು!" ಎಂದು ಆರ್ಡಿಸ್ ಹಾರಿ ಅವಳ ಹೆಗಲು ಹಿಡಿದಳು.

ಟಕ್ಕೆಂದಿತು.

ಆ ಚಿತ್ರವನ್ನು ತಾವೇ ತೆಗೆದವರಾದ್ದರಿಂದ ವರ್ಣಿಸಬೇಕಿಲ್ಲ; ಆದರೂ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ಬೆಟ್ಟವಿಲ್ಲ, ಅದು ಆರ್ಡಿಸಳ ತೋಳಿನ ಹಿಂದೆ ಪೂರ್ತಿ ಮರೆಯಾಗಿದೆ. ಕೊಳವಿಲ್ಲ. ಅಕ್ಕನ ಬಾಯಿ ಕಿವಿಯವರೆಗೆ ತೆರೆದಿದೆ, ಕಣ್ಣು ಮುಚ್ಚಿದೆ, ಟೋಪಿ ಒಂದು ಕಿವಿಗೆ ನೇತಾಡುತ್ತಿದೆ. ಹೆಗಲ ಮೇಲೆ, ಮಣಿಕಟ್ಟಿನವರೆಗೆ ಮಾತ್ರ, ಒಂದು ಕೈ.

ಊರಿಗೆ ಬಂದು ಚಿತ್ರ ಮುದ್ರಿಸಿ ತಂದಾಗ ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಕೈ ಬಂದಿದೆ" ಎಂದಳು. ಆರ್ಡಿಸ್ ತಪ್ಪಾಯಿತೆಂದಳು. "ಇದು ಸಾವಿಗೆ ಆಗಲ್ಲ" ಎಂದು ತೀರ್ಪು ಕೊಟ್ಟು, "ಫ್ರಿಜ್ಜಿಗೆ ಆಗತ್ತೆ" ಎಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಲ್ಲಿಂದಾಚೆಗೆ ಅವಳ ಮನೆಗೆ ಕಾಫಿಗೆ ಹೋದವರೆಲ್ಲ ಮೊದಲು ಆ ಬಾಗಿಲ ಮುಂದೆ ನಿಂತು ನಗುತ್ತಾರೆ, ಆಮೇಲೆ ಕಾಫಿ ಬೇಡವೆನ್ನುತ್ತಾರೆ. ಮೊನ್ನೆ ವೈದ್ಯರು ಮತ್ತೆ ಕೊಳವೆಯಿಟ್ಟು ಆಲಿಸಿ, ಕವಾಟದ ಸ್ಥಿತಿ ಅಷ್ಟೇನೂ ಕೆಟ್ಟದಾಗಿಲ್ಲ ಎಂದರು. ಅವರೂ ನಮ್ಮ ಕಡೆಯವರೇ. ಹಾಗಾದರೆ ಯಾವ ಬೆಟ್ಟಕ್ಕೆ ಹೋಗುವುದೆಂದು ಅಕ್ಕ ಅಲ್ಲಿಯೇ ಕೇಳಿದಳು. ಮುಂದಿನ ಬೇಸಿಗೆಯ ಬಸ್ಸಿಗೆ ಮೊದಲ ಹೆಸರು ಈಗಾಗಲೇ ಅವಳದೇ. "ಸರಿಯಾದ್ದೊಂದು ಫೋಟೋ ಬರೋ ತನಕ ನಾನು ಎಲ್ಲೂ ಹೋಗಲ್ಲ ಸೆಲ್ಮರ್. ಹೋದ್ರೆ ನೀನು ಫ್ರಿಜ್ಜಿಂದೇ ಕಿತ್ತು ಹಂಡೆ ಪಕ್ಕ ಇಡ್ತೀಯ, ನಂಗೊತ್ತು."

ಮಾನ್ಯರೇ, ಈ ಮಾತು ಕೇಳಿದ ದಿನದಿಂದ ನನ್ನ ದೂರಿನ ದಿಕ್ಕೇ ತಪ್ಪಿದೆ. ಇದೇ ಪತ್ರವನ್ನು ನಾನು ಆರಂಭಿಸಿದ್ದು, ನಗುವಿನ ತಮ್ಮ ಅಳತೆಯನ್ನು ನಮ್ಮ ಲುಥರನ್ ಪಂಥದ ಜನರ ಅಳತೆಗೆ ಇಳಿಸಬೇಕೆಂದು ಬೇಡಿಕೊಳ್ಳಲು: ನಮ್ಮಲ್ಲಿ ತುಟಿಯ ಎಡಮೂಲೆ ಗೋಧಿಕಾಳಿನಷ್ಟು ಮೇಲೆದ್ದರೂ ಅದು ಅಟ್ಟಹಾಸವೇ. ಕಲ್ಲಿನ ಅಧ್ಯಕ್ಷರಲ್ಲಿ ಕ್ಷಮೆ ಕೋರಬೇಕೆಂದೂ, ದಂತವೈದ್ಯರ ಚಿತ್ರವನ್ನು ಅವರ ಮನೆಗೆ ತಾವೇ ತಲುಪಿಸಬೇಕೆಂದೂ, ಕಾಡುಕೋಣಗಳನ್ನು ಇನ್ನೊಮ್ಮೆ ಸಾಲಾಗಿ ಕರೆಸಬೇಕೆಂದೂ ಕೇಳುವವನಿದ್ದೆ. ಅವೆಲ್ಲವನ್ನೂ ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ.

ಏಕೆಂದರೆ ಒಂದು ಅಪಾಯ ಒದಗಿದೆ. ಚರ್ಚಿನ ಕಾಫಿಯ ವೇಳೆ ವರ್ಡೆಲ್ ತಮ್ಮನ್ನು ಕೈಗೆತ್ತಿಕೊಂಡು ಒಂದು ಕಣ್ಣು ಹಾಯಿಸಿ, "ಅಯ್ಯೋ, ಇದು ನಗೋರನ್ನ ಮಾತ್ರ ತೆಗೆಯೋ ಹಾಗೆ ಇಟ್ಟಿದೀಯ! ಬದಲಾಯಿಸಿ ಕೊಡ್ಲಾ?" ಎಂದರು. ತೊಂದರೆ ಬೇಡವೆಂದೆ. ಅದರ ಮುಂದಿನ ಭಾನುವಾರ ಮತ್ತೆ ಕೇಳಿದರು. "ಬೇಡಪ್ಪ, ಇರ್ಲಿ" ಎಂದೆ. ಅವರು ಒಳ್ಳೆಯ ಮನುಷ್ಯರು, ಸಂಪ್ರದಾಯ ಬಲ್ಲವರು; ಅಲ್ಲಿಯೇ ಮೂರನೆಯ ಬಾರಿ ಕೇಳಲು ಬಾಯಿ ತೆರೆದರು. ಆ ಕ್ಷಣಕ್ಕೆ ಅಡುಗೆಮನೆಯ ಕಿಂಡಿಯಿಂದ ಒಂದು ಕೈ ಬಂತು. ಅದರಲ್ಲಿ ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಲೆಫ್ಸೆ ರೊಟ್ಟಿಯಿತ್ತು. ಅದು ನೇರವಾಗಿ ವರ್ಡೆಲರ ತೆರೆದ ಬಾಯಿಗೆ ಹೋಯಿತು. "ತಿನ್ನಿ ವರ್ಡೆಲ್, ಮಾತು ಆಮೇಲೆ" ಎಂದಳು ನನ್ನ ಅಕ್ಕ. ಅವಳು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಈ ಕೈ ಯಾರದೆಂದು ಮಾತ್ರ ಊರಿನಲ್ಲಿ ಯಾರಿಗೂ ಸಂಶಯವಿಲ್ಲ.

ಆದರೆ ಲೆಫ್ಸೆಯನ್ನು ಎಷ್ಟು ದಿನ ನಂಬುವುದು? ಚರ್ಚಿನ ಮೀನೂಟದ ಹಬ್ಬ ಹತ್ತಿರ ಬಂದಿದೆ. ಅಂದು ವರ್ಡೆಲ್ ನನ್ನ ಪಕ್ಕದಲ್ಲೇ ಕೂರುತ್ತಾರೆ. ಅವರು ಮೂರನೆಯ ಬಾರಿ ಕೇಳಿದರೆ ನಾನು ಹೌದೆನ್ನಲೇಬೇಕು; ಇಲ್ಲವೆಂದರೆ ಜಗಳಕ್ಕೆ ಬಂದವನಾಗುತ್ತೇನೆ. ಆದ್ದರಿಂದ ತಮ್ಮಲ್ಲಿ ನನ್ನ ಕಟ್ಟಕಡೆಯ ಪ್ರಾರ್ಥನೆಯೇನೆಂದರೆ: ಅವರು ಯಾವ ಗುಂಡಿ ಒತ್ತಿದರೂ, ಎಷ್ಟು ಒಳಗೆ ಹೊಕ್ಕು ತಡಕಿದರೂ, ತಾವು ತಮ್ಮ ಹಟವನ್ನು ಬಿಡಬಾರದು. ನನ್ನ ಅಕ್ಕ ಯಾವ ಬೆಟ್ಟದ ಮುಂದೆ, ಎಷ್ಟು ಗಂಭೀರವಾಗಿ, ಎಷ್ಟು ಬೇಸಿಗೆ ನಿಂತರೂ ತಾವು ಹೀಗೆಯೇ ಕಾಯುತ್ತಿರಬೇಕು. ತಮಗೆ ವಿದ್ಯುತ್ತು ಉಣಿಸುವ ಹೊಣೆ ನನ್ನದು.

ಕಾಯುವುದನ್ನು ತಮ್ಮಿಂದ ಕಲಿಯುತ್ತಿರುವ,

ತಮ್ಮ ವಿಶ್ವಾಸಿ,
ಸೆಲ್ಮರ್ ಟ್ವೇಟ್
ನಿವೃತ್ತ ಗುಮಾಸ್ತ, ನೋರ್ಡಾಲ್ ಹೋಬಳಿ

ಮರೆತಿದ್ದ ಮಾತು: ಈ ಪತ್ರವನ್ನು ವಾರಪತ್ರಿಕೆಯಲ್ಲಿ ವರ್ಡೆಲ್ ರುಸ್ಟಾಡರು ಓದುವುದು ಖಂಡಿತ, ಅವರು ಹಸು ಮಾರಾಟದ ಪ್ರಕಟಣೆಯನ್ನೂ ಬಿಡದವರು. ಅವರಿಗೆ ನಾನು ನೇರವಾಗಿ ಏನನ್ನೂ ಹೇಳಬಯಸುವುದಿಲ್ಲ, ನಮ್ಮಲ್ಲಿ ಹಾಗೆ ಹೇಳುವ ಪದ್ಧತಿಯಿಲ್ಲ. ಇನ್ನು ತಮಗೆ: ತಮ್ಮ ಆಯುಸ್ಸಿನ ಖಾತರಿಯನ್ನು, ಅಂದರೆ ವಾರಂಟಿಯನ್ನು, ಮುಂದುವರಿಸಬೇಕೇ ಎಂದು ಡಾನೆಟ್ ನಿನ್ನೆ ಫೋನು ಮಾಡಿ ಕೇಳಿದಳು. ಪಕ್ಕದಲ್ಲಿದ್ದ ಅಕ್ಕ ಫೋನು ಕಿತ್ತುಕೊಂಡು, "ಯಂತ್ರದ್ದೋ, ನನ್ನದೋ?" ಎಂದಳು. ಯಾರದಾದರೂ ಸರಿ, ಹೌದೆಂದೇ ಹೇಳಿಬಿಡೆಂದು ನಾನು ಹಿಂದಿನಿಂದ ಕೂಗಿದೆ. ಮೊದಲ ಸಲ ಕೇಳಿದಾಗಲೇ.